ಕಾರ್ಬುರೇಟರ್ ಬದಲಿಸಲಿಲ್ಲ, ತೊಳೆದು ಜೆಟ್ ಹೊಂದಿಸಿದೆ: ನನ್ನ ಅನುಭವ

"ಈ ಕಾರ್ಬುರೇಟರ್ ಸತ್ತಿದೆ, ಹೊಸದು ಹಾಕಿ" ಅಂತ ಕೈಚೆಲ್ಲಿದ್ದ ಗಾಡಿಗಳು ಈಗ ಬೆಳಗ್ಗೆ ಚೋಕ್ ಎಳೆದರೆ ಮೊದಲ ಕಿಕ್ಕಿಗೇ ಏಳುತ್ತವೆ. ಕಾರ್ಬುರೇಟರ್ ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನಿಗೆ ಕೊಡುವ ಭಾಗ, ಜೆಟ್ ಅಂದರೆ ಅದರಲ್ಲಿ ಪೆಟ್ರೋಲಿನ ಹರಿವನ್ನು ಅಳೆದು ಬಿಡುವ, ರಂಧ್ರವಿರುವ ಹಿತ್ತಾಳೆಯ ಸಣ್ಣ ತುಂಡು. ಅಲ್ಟ್ರಾಸಾನಿಕ್ ಮಶೀನ್ ಇಲ್ಲದೆ ಮನೆಯಲ್ಲಿ ಇದು ಆಗದು ಅಂದವರು ಬಹಳ ಮಂದಿ. ಆಗುತ್ತದೆ. ಆದರೆ ಬೌಲ್ (ಪೆಟ್ರೋಲ್ ನಿಲ್ಲುವ ತಳದ ಬಟ್ಟಲು) ಬಿಚ್ಚಿ ಸ್ಪ್ರೇ ಹೊಡೆದು ಮುಚ್ಚಿಬಿಟ್ಟರೆ ಅದು ತೊಳೆದದ್ದಲ್ಲ. ಪ್ರತಿಯೊಂದು ದಾರಿಯಲ್ಲೂ ಸ್ಪ್ರೇ ಒಂದು ಕಡೆ ಹೋಗಿ ಇನ್ನೊಂದು ಕಡೆ ಬಂದದ್ದನ್ನು ಕಣ್ಣಾರೆ ನೋಡುವ ತನಕ ಕೆಲಸ ಮುಗಿದಿಲ್ಲ. ಅದಾಗದೆ ಜೆಟ್ ನಂಬರ್ ಮುಟ್ಟಲೇಬಾರದು. "ದೊಡ್ಡ ಜೆಟ್ ಹಾಕಿದ ಮೇಲೆ ಸರಿಹೋಯಿತು" ಅನ್ನುವ ಎಷ್ಟೋ ಗಾಡಿಗಳಲ್ಲಿ ನಿಜವಾಗಿ ಇದ್ದದ್ದು ಅರ್ಧ ಕಟ್ಟಿದ ಪೈಲಟ್ ದಾರಿ, ಅಂದರೆ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ದಾರಿ.

ಬಿಚ್ಚುವ ಮುಂಚೆ ವಾಲ್ವ್ ಕ್ಲಿಯರೆನ್ಸ್, ಏರ್ ಫಿಲ್ಟರ್, ಪ್ಲಗ್, ಕಾರ್ಬುರೇಟರನ್ನು ಇಂಜಿನಿಗೆ ಸೇರಿಸುವ ರಬ್ಬರ್ ಬೂಟ್ ನೋಡಿ. ವಾಲ್ವ್ ಬಿಗಿಯಾಗಿದ್ದರೆ, ಬೂಟ್ ಬಿರುಕು ಬಿಟ್ಟಿದ್ದರೆ ಕಾರ್ಬುರೇಟರನ್ನು ಎಷ್ಟು ಉಜ್ಜಿದರೂ ಐಡ್ಲಿಂಗ್ ನಿಲ್ಲುವುದಿಲ್ಲ.

ಜಪಾನ್ ಮಾದರಿಯ ಕಾರ್ಬುರೇಟರಿನ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ತಲೆಯವು. ಸಾಮಾನ್ಯ ಫಿಲಿಪ್ಸ್ ಹಾಕಿದರೆ ಜಾರಿ ತಲೆಯ ಸೀಳು ಹಾಳಾಗುತ್ತದೆ, ಆಮೇಲೆ ಡ್ರಿಲ್ ಮಾಡುವ ಖರ್ಚು ಬೇರೆ. ಜೆಟ್‌ಗಳಿಗೆ ಸೀಳಿನ ಪೂರ್ತಿ ಅಗಲಕ್ಕೆ ಕೂರುವ ಡ್ರೈವರ್ ಬೇಕು. ಸಿಗದಿದ್ದರೆ ಹಳೆಯದೊಂದನ್ನು ಅರದಲ್ಲಿ ಉಜ್ಜಿ ಅಳತೆಗೆ ತನ್ನಿ. ಹಿತ್ತಾಳೆ ಮೆತ್ತಗಿನ ಲೋಹ, ಸೀಳು ಒಮ್ಮೆ ಹರಿದರೆ ಪೈಲಟ್ ಜೆಟ್ ತೆಗೆಯುವುದು ದೊಡ್ಡ ತಲೆನೋವು. ಹರಿದ ಪೈಲಟ್ ಜೆಟ್ ತೆಗೆಯುವ ಒಂದು ಉಪಾಯ ನನ್ನ ಹತ್ತಿರ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಿಸಿ ಮಾಡುವುದು, ನೆನೆಸುವುದು ಎಲ್ಲರಿಗೂ ಗೊತ್ತಿರುವುದೇ.

ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗಿನ ಮಿಶ್ರಣ ಹೊಂದಿಸುವ ಸ್ಕ್ರೂ) ತೆಗೆಯುವ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ಕೂತಿತು ಅಂತ ಬರೆದಿಡಿ. ಬಿಗಿ ಮಾಡಿದರೆ ಅದರ ಮೊನೆ ಮುರಿದು ರಂಧ್ರದಲ್ಲೇ ಸಿಕ್ಕಿಕೊಳ್ಳುತ್ತದೆ, ಆಗ ನಿಜಕ್ಕೂ ಹೊಸ ಕಾರ್ಬುರೇಟರೇ ಗತಿ. ಸ್ಪ್ರಿಂಗ್, ವಾಷರ್, ಓ-ರಿಂಗ್ ಈ ಕ್ರಮದಲ್ಲಿ ಇರುತ್ತವೆ. ಓ-ರಿಂಗ್ ಬಹಳ ಸಲ ಸ್ಕ್ರೂ ಜೊತೆ ಬರದೆ ಒಳಗೇ ಉಳಿಯುತ್ತದೆ. ತುದಿ ಬಗ್ಗಿಸಿದ ತಂತಿಯಲ್ಲಿ ಅದನ್ನು ಎಳೆದು ತೆಗೆಯಿರಿ. ಅದು ಒಳಗಿದ್ದಾಗ ಕ್ಲೀನರ್ ಹೊಡೆದರೆ ಉಬ್ಬಿ ದಾರಿಯನ್ನೇ ಮುಚ್ಚುತ್ತದೆ. ಡಯಾಫ್ರಮ್ (ಸ್ಲೈಡನ್ನು ಎತ್ತುವ ತೆಳು ರಬ್ಬರ್ ಪೊರೆ) ಹತ್ತಿರವಂತೂ ಕ್ಲೀನರ್ ಸುಳಿಯಕೂಡದು. ಈ ಪೊರೆ ಉಬ್ಬಿದ್ದರೆ ಹೆದರಬೇಡಿ, ಒಂದು ರಾತ್ರಿ ಗಾಳಿಗೆ ಇಟ್ಟರೆ ಸಾಮಾನ್ಯವಾಗಿ ಮತ್ತೆ ಅಳತೆಗೆ ಬರುತ್ತದೆ. ಬೆಳಕಿಗೆ ಹಿಡಿದು ಮೆಲ್ಲಗೆ ಹಿಗ್ಗಿಸಿ ನೋಡಿ, ಸೂಜಿಮೊನೆಯಷ್ಟು ತೂತು ಇದ್ದರೂ ಗಾಡಿ ಮೇಲಿನ ವೇಗಕ್ಕೆ ಏರುವುದಿಲ್ಲ.

ಬೌಲಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಪಿನ್ ಅನ್ನು ಬಡಿಯಬೇಡಿ. ಪಿನ್ನಿನ ತಲೆ ಇರುವ ಕಡೆಗೇ ಅದು ಹೊರಗೆ ಬರುವುದು. ತಪ್ಪು ಕಡೆಯಿಂದ ಹೊಡೆದರೆ ಅದನ್ನು ಹಿಡಿದಿರುವ ಕಂಬ ಮುರಿಯುತ್ತದೆ, ಅದಕ್ಕೆ ಬೆಸುಗೆ ನಿಲ್ಲುವುದಿಲ್ಲ.

ಈಗ ತೊಳೆಯುವುದು. ವಿನೆಗರ್‌ನಲ್ಲಿ ನೆನೆಸುವುದು, ನಿಂಬೆರಸದಲ್ಲಿ ಕುದಿಸುವುದು, ಇವೆಲ್ಲ ಪುಕ್ಕಟೆ ಅಂತ ಅನಿಸುತ್ತವೆ. ಆಮ್ಲ ಕಿಲುಬನ್ನು ತಿನ್ನುವ ಹಾಗೆ ಸತು-ಅಲ್ಯುಮಿನಿಯಂ ಲೋಹವನ್ನೂ ತಿನ್ನುತ್ತದೆ, ಬಾಡಿ ಕಪ್ಪಗಾಗಿ ಒರಟಾಗುತ್ತದೆ. ಗಟ್ಟಿಯಾದ ಪೆಟ್ರೋಲ್ ಅಂಟು ಮಾತ್ರ ಅಲ್ಲೇ ಇರುತ್ತದೆ, ಯಾಕೆಂದರೆ ಆ ಅಂಟು ಕರಗಬೇಕಾದರೆ ಸಾಲ್ವೆಂಟ್ ಬೇಕು. ನನ್ನ ಕ್ರಮ ಇಷ್ಟೇ: ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಲ್ಲಿ ಹೊರಗಿನ ಜಿಡ್ಡು ತೆಗೆದು, ಒಣಗಿಸಿ, ಆಮೇಲೆ ಕಾರ್ಬ್ ಕ್ಲೀನರ್ ಹೊಡೆದು ಅರ್ಧ ಗಂಟೆ ಬಿಡುವುದು, ಮತ್ತೆ ಹೊಡೆಯುವುದು. ಹಳೆಯ ಅಂಟಿಗೆ ಈ ಕಾಯುವಿಕೆಯೇ ಅರ್ಧ ಕೆಲಸ. ಒಂದೇ ಸಲ ಡಬ್ಬಿ ಖಾಲಿ ಮಾಡುವುದು ದುಡ್ಡು ದಂಡ. ಕನ್ನಡಕ ಹಾಕಿಕೊಳ್ಳಿ, ಒಂದು ರಂಧ್ರಕ್ಕೆ ಹೊಡೆದದ್ದು ಇನ್ನೊಂದರಿಂದ ನೇರ ಕಣ್ಣಿಗೇ ಬರುತ್ತದೆ.

ಪೈಲಟ್ ಜೆಟ್‌ಗೆ ರಂಧ್ರಕ್ಕಿಂತ ತೆಳುವಾದ ತಾಮ್ರದ ಒಂದೇ ಎಳೆ ಸಾಕು. 17.5 ನಂಬರಿನ ಜೆಟ್ಟಿನ ರಂಧ್ರ ಸುಮಾರು 0.175 ಮಿ.ಮೀ. ಗಿಟಾರಿನ ತೆಳುವಾದ 0.009 ಇಂಚಿನ ತಂತಿಯೇ 0.23 ಮಿ.ಮೀ. ಬರುತ್ತದೆ, ಉಕ್ಕು ಬೇರೆ. ಅದನ್ನು ತುರುಕಿದವರು ಗೊತ್ತಿಲ್ಲದೆ ಜೆಟ್ ನಂಬರ್ ಬದಲಿಸಿರುತ್ತಾರೆ. ಎಮಲ್ಷನ್ ಟ್ಯೂಬಿನ (ಪೆಟ್ರೋಲಿಗೆ ಗಾಳಿ ಬೆರೆಸುವ ನಳಿಗೆ) ಅಡ್ಡ ರಂಧ್ರಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ.

ಪರೀಕ್ಷೆ ಹೀಗೆ. ಪೈಲಟ್ ಜೆಟ್ ತೆಗೆದ ಜಾಗದಿಂದ ಸ್ಪ್ರೇ ಹೊಡೆದರೆ ಮೂರು ಕಡೆ ಹೊರಬರಬೇಕು: ಏರ್ ಫಿಲ್ಟರ್ ಬಾಯಿಯಲ್ಲಿರುವ ಪೈಲಟ್ ಏರ್ ಜೆಟ್, ಮಿಕ್ಸ್ಚರ್ ಸ್ಕ್ರೂ ರಂಧ್ರ, ಬಟರ್‌ಫ್ಲೈ (ಆಕ್ಸಿಲರೇಟರ್ ತಿರುಗಿಸಿದಾಗ ತೆರೆಯುವ ತಟ್ಟೆ) ಅಂಚಿನ ಹತ್ತಿರದ ಎರಡು ಮೂರು ಬೈಪಾಸ್ ರಂಧ್ರಗಳು. ಬೈಪಾಸಿನಲ್ಲಿ ಒಂದು ಕಟ್ಟಿದ್ದರೂ ಐಡ್ಲಿಂಗ್ ಚೆನ್ನಾಗಿದ್ದು, ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದ ಕೂಡಲೇ ಗಾಡಿ ಮುಗ್ಗರಿಸುತ್ತದೆ. ಉಳಿದ ದಾರಿಗಳನ್ನು ಬೆರಳಲ್ಲಿ ಮುಚ್ಚಿ ಒತ್ತಡವನ್ನು ಕಟ್ಟಿದ ರಂಧ್ರದ ಕಡೆಗೇ ತಿರುಗಿಸಿ, ಹೆಚ್ಚಿನವು ಆಗಲೇ ಬಿಡುತ್ತವೆ. ಇನ್ನೊಂದು ಎಲ್ಲರೂ ಮರೆಯುವ ಜಾಗ: ಬೌಲಿನ ಮೂಲೆಯ ಬಾವಿ. ಚೋಕಿನ ಟ್ಯೂಬ್ ಅದರಲ್ಲಿ ಇಳಿದಿರುತ್ತದೆ, ತಳದಲ್ಲಿ ಸಣ್ಣ ಜೆಟ್ ಇರುತ್ತದೆ. ಅದು ಕಟ್ಟಿದ್ದರೆ ಚೋಕ್ ಎಳೆದರೂ ಒಂದೇ, ಬಿಟ್ಟರೂ ಒಂದೇ.

ಫ್ಲೋಟ್ ಎತ್ತರ ಅಳೆಯುವಾಗ ಬಾಡಿಯನ್ನು ತಲೆಕೆಳಗೆ ಮಾಡದೆ ಓರೆ ಹಿಡಿಯಿರಿ. ತಲೆಕೆಳಗಾದರೆ ಫ್ಲೋಟಿನ ಭಾರಕ್ಕೆ ಪೆಟ್ರೋಲ್ ತಡೆಯುವ ನೀಡಲ್ ವಾಲ್ವಿನ ಸ್ಪ್ರಿಂಗ್ ಪಿನ್ ಒಳಹೋಗಿ ಅಳತೆ ಸುಳ್ಳಾಗುತ್ತದೆ; ಫ್ಲೋಟಿನ ನಾಲಿಗೆ ಆ ಪಿನ್ನನ್ನು ಸುಮ್ಮನೆ ಮುಟ್ಟಿದ ಹಂತದಲ್ಲಿ ಅಳೆಯಬೇಕು. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಎಲ್ಲ ವೇಗದಲ್ಲೂ ಮಿಶ್ರಣ ಬದಲಾಗುತ್ತದೆ. ಡ್ರೈನಿಗೆ ಪಾರದರ್ಶಕ ಪೈಪು ಸಿಕ್ಕಿಸಿ ಮೇಲಕ್ಕೆ ಹಿಡಿದು ಪೆಟ್ರೋಲ್ ಮಟ್ಟ ನೋಡುವುದೇ ನನಗೆ ಹೆಚ್ಚು ನಂಬಿಕೆ.

ಇಷ್ಟಾದ ಮೇಲೂ ಗಾಡಿ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಓಡಿದರೆ, ಅಥವಾ ಫಿಲ್ಟರ್, ಸೈಲೆನ್ಸರ್ ಬದಲಿಸಿದ್ದರೆ ಮಾತ್ರ ಜೆಟ್. ಮಿಕುನಿ, ಕೈಹಿನ್ ಎರಡೂ ಕಾರ್ಬುರೇಟರ್ ಕಂಪನಿಗಳು, ಆದರೆ ಮಿಕುನಿ 110 ಜೆಟ್ ಮತ್ತು ಕೈಹಿನ್ 110 ಜೆಟ್ ಒಂದೇ ಅಂದುಕೊಳ್ಳಬೇಡಿ. ಮಿಕುನಿಯ ಷಟ್ಕೋನ ಮೇನ್ ಜೆಟ್ಟಿನ ನಂಬರ್ ಹರಿವಿನ ಲೆಕ್ಕ, ಕೈಹಿನ್ ನಂಬರ್ ರಂಧ್ರದ ವ್ಯಾಸದ ಲೆಕ್ಕ. ಅಗ್ಗದ ಕಿಟ್ಟಿನ ಜೆಟ್‌ಗಳಲ್ಲಿ ಬರೆದ ನಂಬರಿಗೂ ರಂಧ್ರಕ್ಕೂ ಸಂಬಂಧವೇ ಇರದ ಉದಾಹರಣೆ ಸಾಕಷ್ಟು, ಹಾಗಾಗಿ ಕಿಟ್ಟಿನಿಂದ ಗ್ಯಾಸ್ಕೆಟ್, ಓ-ರಿಂಗ್ ಬಳಸಿ ಹಳೆಯ ಅಸಲಿ ಜೆಟ್ಟನ್ನೇ ಉಳಿಸಿಕೊಳ್ಳಿ. ಒಂದು ಅಸಲಿ ಕಾರ್ಬುರೇಟರಿನ ದುಡ್ಡಿನಲ್ಲಿ ಅಸಲಿ ಜೆಟ್‌ಗಳ ಪೂರ್ತಿ ಸಾಲು, ಗ್ಯಾಸ್ಕೆಟ್, ಕ್ಲೀನರ್ ಬಂದು ಇನ್ನೂ ಅರ್ಧಕ್ಕಿಂತ ಹೆಚ್ಚು ಕೈಯಲ್ಲಿ ಉಳಿಯುತ್ತದೆ. ರಂಧ್ರಕ್ಕೆ ಬೆಸುಗೆ ತುಂಬಿ ಮತ್ತೆ ಕೊರೆಯುವವರಿದ್ದಾರೆ. ಅಂಚು ನಯವಾಗಿ ಬರದೆ ಎರಡು ಜೆಟ್ ಒಂದೇ ಥರ ಹರಿಯುವುದಿಲ್ಲ.

ಪೂರ್ತಿ ತೆರೆದಾಗ ಕೆಲಸ ಮಾಡುವ ಮೇನ್ ಜೆಟ್ ಮೊದಲು, ಆಮೇಲೆ ಸ್ಲೈಡಿನ ಜೊತೆ ಏರಿಳಿಯುವ ನೀಡಲ್, ಕೊನೆಗೆ ಪೈಲಟ್. ಒಂದು ಸಲಕ್ಕೆ ಒಂದೇ ಬದಲಾವಣೆ. ಆಕ್ಸಿಲರೇಟರ್ ಹಿಡಿಗೆ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ, ಊಹೆಯ ಮೇಲೆ ಬೇಡ. ಖಾಲಿ ರಸ್ತೆಯಲ್ಲಿ ಪೂರ್ತಿ ತೆರೆದು, ಚೂರು ಮುಚ್ಚಿದಾಗ ಗಾಡಿ ಮುಂದಕ್ಕೆ ಎಳೆದರೆ ಮೇನ್ ಲೀನ್. ಒಂದು ನಂಬರ್ ಏರಿಸಿ. ಭಾರವಾಗಿ ಗೊರಗೊರ ಅಂದರೆ ಇಳಿಸಿ. ಲೀನ್ ಇಟ್ಟುಕೊಂಡು ದೂರ ಓಡಿಸಬೇಡಿ, ಪಿಸ್ಟನ್ ಸುಡುತ್ತದೆ. ಎತ್ತರದ ಪ್ರದೇಶದಲ್ಲಿ ಇದೇ ಲೆಕ್ಕ ಉಲ್ಟಾ: 1000 ಮೀಟರ್ ಏರಿದರೆ ಗಾಳಿ ಸುಮಾರು ಶೇ. 10ರಷ್ಟು ತೆಳುವಾಗುತ್ತದೆ, ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ.

ನಡುವಿನ ವೇಗಕ್ಕೆ ನೀಡಲ್ ಕ್ಲಿಪ್. ಕ್ಲಿಪ್ ಕೆಳಗಿಳಿಸಿದರೆ ನೀಡಲ್ ಏರಿ ರಿಚ್ ಆಗುತ್ತದೆ. ಕ್ಲಿಪ್ಪಿಗೆ ಒಂದೇ ಗೀರು ಇರುವ ಸಿವಿ (ವ್ಯಾಕ್ಯೂಮಿನಿಂದ ಸ್ಲೈಡ್ ಏರುವ) ಕಾರ್ಬುರೇಟರಿನ ನೀಡಲಿಗೆ 3 ಮಿ.ಮೀ. ಸ್ಕ್ರೂವಿನ ವಾಷರ್ ಒಂದನ್ನು ಕೆಳಗೆ ಹಾಕುತ್ತೇನೆ, ದಪ್ಪ ಅರ್ಧ ಮಿ.ಮೀ. ಅದು ಸ್ಲೈಡಿನ ತಳದ ವ್ಯಾಕ್ಯೂಮ್ ರಂಧ್ರವನ್ನು ಮುಚ್ಚಬಾರದು. ಆ ರಂಧ್ರವನ್ನೇ ದೊಡ್ಡದು ಮಾಡಿದರೆ ಪಿಕಪ್ ಬರುತ್ತದೆ ಅನ್ನುವ ಪ್ರಯೋಗವನ್ನೂ ಬೇಡದ ಸ್ಲೈಡೊಂದರಲ್ಲಿ ಮಾಡಿ ನೋಡಿದೆ. ಸ್ಲೈಡ್ ಬೇಗ ಏರುತ್ತದೆ ನಿಜ, ಆದರೆ ಕಡಿಮೆ ವೇಗದಲ್ಲಿ ಥಟ್ಟನೆ ತಿರುಗಿಸಿದರೆ ಗಾಳಿ ಹೆಚ್ಚಾಗಿ ಇಂಜಿನ್ ಒಂದು ಕ್ಷಣ ಉಸಿರು ಕಟ್ಟುತ್ತದೆ. ನಗರದ ಓಡಾಟಕ್ಕೆ ಬೇಡ.

ಕೊನೆಗೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂ. ಸ್ಕ್ರೂ ಇಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಹೊರಗೆ ತಿರುಗಿಸಿದರೆ ರಿಚ್. ಫಿಲ್ಟರ್ ಕಡೆ ಇದ್ದರೆ ಗಾಳಿಯದು, ಹೊರಗೆ ತಿರುಗಿಸಿದರೆ ಲೀನ್. ಆರ್‌ಪಿಎಂ ಅತಿ ಹೆಚ್ಚಾಗುವ ಜಾಗ ಹುಡುಕಿ, ಐಡ್ಲಿಂಗ್ ಇಳಿಸಿ, ಮತ್ತೆ ಹುಡುಕಿ. ಪೆಟ್ರೋಲ್ ಸ್ಕ್ರೂ ಮೂರು ಸುತ್ತಿಗಿಂತ ಹೊರಗೆ ಹೋದರೆ ಪೈಲಟ್ ಒಂದು ನಂಬರ್ ದೊಡ್ಡದು, ಒಂದು ಸುತ್ತಿನೊಳಗೇ ನಿಂತರೆ ಚಿಕ್ಕದು. ಆಕ್ಸಿಲರೇಟರ್ ಬಿಟ್ಟಾಗ ಆರ್‌ಪಿಎಂ ಮೇಲೆಯೇ ನೇತಾಡಿದರೆ, ಸೈಲೆನ್ಸರ್ ಪಟಪಟ ಸಿಡಿದರೆ ಇನ್ನೂ ಲೀನ್ ಇದೆ, ಇಲ್ಲವೇ ಬೂಟಿನಲ್ಲಿ ಗಾಳಿ ಎಳೆಯುತ್ತಿದೆ.

ಟ್ಯಾಂಕಿನಲ್ಲಿ ತುಕ್ಕು ಇದ್ದರೆ ಇಷ್ಟೂ ಶ್ರಮ ಒಂದೇ ವಾರದಲ್ಲಿ ಮಣ್ಣುಪಾಲು, ಅದನ್ನು ಮೊದಲು ತೊಳೆಯಿರಿ. ಪೈಪಿನಲ್ಲಿ ಫಿಲ್ಟರ್ ಹಾಕುವುದಾದರೆ ಪಂಪು ಇಲ್ಲದ ಗಾಡಿಗೆ ತೀರಾ ಸೂಕ್ಷ್ಮವಾದದ್ದು ಬೇಡ, ಪೂರ್ತಿ ವೇಗದಲ್ಲಿ ಬೌಲ್ ಬರಿದಾಗಿ ಅದೂ ಲೀನ್ ಥರವೇ ಕಾಣುತ್ತದೆ. ಗಾಡಿ ಮೂರು ನಾಲ್ಕು ವಾರ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ ಡ್ರೈನ್ ಸ್ಕ್ರೂ ಬಿಚ್ಚಿ ಬೌಲ್ ಖಾಲಿ ಮಾಡಿಡಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರಿಕೊಂಡು ಬೌಲಿನ ತಳದಲ್ಲಿ ಬಿಳಿ ಪುಡಿ ಕಟ್ಟುವುದು ಹೀಗೆ ನಿಂತ ಗಾಡಿಗಳಲ್ಲೇ.