ಟೆಕ್ಸಾಸಿನ ಫುಟ್‌ಬಾಲ್ ಹುಡುಗರಿಗೆ ನಾನು ಭಾರ ಎತ್ತಲು ಕಲಿಸುವುದು ಹೀಗೆ

ಇಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟವಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್ ಹಾಕಿಕೊಂಡು, ಎದುರಿನವನನ್ನು ಮೈಯಿಂದ ತಳ್ಳಿ ಜಾಗ ಗೆಲ್ಲುವ ಅಮೆರಿಕನ್ ಫುಟ್‌ಬಾಲ್. ಟೆಕ್ಸಾಸಿನಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲಿನ ಆಟ ನೋಡಲು ಊರಿಗೆ ಊರೇ ಬರುತ್ತದೆ. ನಾನು ಡಾಲಸ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಜೊತೆಗೆ ಫುಟ್‌ಬಾಲ್ ತಂಡದ ವೇಟ್ ರೂಮ್, ಅಂದರೆ ಭಾರ ಎತ್ತುವ ಕೋಣೆ, ನನ್ನ ಜವಾಬ್ದಾರಿ. ಚಳಿಗಾಲದಲ್ಲಿ ಪವರ್‌ಲಿಫ್ಟಿಂಗ್ ತಂಡವನ್ನೂ ನೋಡಿಕೊಳ್ಳುತ್ತೇನೆ.

ಭಾರ ಎತ್ತುವುದನ್ನು ನಾನು ಕಲಿತದ್ದು ದಕ್ಷಿಣ ಕನ್ನಡದಲ್ಲಿ, ಕಾಲೇಜಿನಲ್ಲಿದ್ದಾಗ. ನಮ್ಮ ಕರಾವಳಿಗೆ ಈ ಹುಚ್ಚು ಹಳೆಯದು. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದದ್ದು ಎಲ್ಲರಿಗೂ ಗೊತ್ತು. ಅವರದ್ದು ವೇಟ್‌ಲಿಫ್ಟಿಂಗ್, ಭಾರವನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲಿಸುವ ಆಟ. ಪವರ್‌ಲಿಫ್ಟಿಂಗ್ ಬೇರೆ. ಇದರಲ್ಲಿ ಇರುವುದು ಮೂರೇ ಲಿಫ್ಟ್. ಬಾರ್ ಹೆಗಲ ಮೇಲಿಟ್ಟು ಕೂತು ಏಳುವ ಸ್ಕ್ವಾಟ್, ಮಲಗಿ ತಳ್ಳುವ ಬೆಂಚ್ ಪ್ರೆಸ್, ನೆಲದಿಂದ ಎತ್ತಿ ನಿಲ್ಲುವ ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಅವಕಾಶ. ಮೂರರಲ್ಲೂ ಒಳ್ಳೆಯದನ್ನು ಕೂಡಿಸಿದರೆ ಟೋಟಲ್.

ಫುಟ್‌ಬಾಲ್ ಆಡುವ ಹುಡುಗನಿಗೆ ಪವರ್‌ಲಿಫ್ಟಿಂಗಿನಿಂದ ತುಂಬಾ ಉಪಯೋಗವಿದೆ. ಹಾಗಂತ ಅದರಲ್ಲಿರುವುದೆಲ್ಲ ಅವನಿಗೆ ಬೇಕಿಲ್ಲ. ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು ಅನ್ನುವುದೇ ನನ್ನ ಕೆಲಸದ ಮುಖ್ಯ ಭಾಗ.

ಮೊದಲು ತೆಗೆದುಕೊಳ್ಳಬೇಕಾದ್ದು ಸ್ಕ್ವಾಟಿನ ಆಳ. ಪವರ್‌ಲಿಫ್ಟಿಂಗ್ ನಿಯಮದ ಪ್ರಕಾರ ಸೊಂಟದ ಮಡಿಕೆ ಮೊಣಕಾಲಿನ ಮೇಲ್ತುದಿಗಿಂತ ಕೆಳಗೆ ಇಳಿಯಬೇಕು. ಮೂವರು ಜಡ್ಜ್‌ಗಳು ಕೂತು ನೋಡುತ್ತಾರೆ. ಇಬ್ಬರಾದರೂ ಬಿಳಿ ದೀಪ ಹಾಕಿದರೆ ಮಾತ್ರ ಲಿಫ್ಟ್ ಲೆಕ್ಕಕ್ಕೆ. ಎಷ್ಟೋ ಫುಟ್‌ಬಾಲ್ ವೇಟ್ ರೂಮುಗಳಲ್ಲಿ ಇದನ್ನು ಯಾರೂ ನೋಡುವುದಿಲ್ಲ. ಹುಡುಗ 405 ಪೌಂಡ್, ಅಂದರೆ ಸುಮಾರು 184 ಕಿಲೋ, ಹೇರಿಕೊಂಡು ಸ್ವಲ್ಪ ಮೊಣಕಾಲು ಬಗ್ಗಿಸಿ ಎದ್ದರೆ ಸುತ್ತ ನಿಂತವರು ಕೂಗಾಡುತ್ತಾರೆ, ಗೋಡೆಯ ಮೇಲಿನ ಬೋರ್ಡಿಗೆ ಅವನ ಹೆಸರು ಏರುತ್ತದೆ. ಅಷ್ಟೇ ಬಗ್ಗಿದರೆ ಪಿರ್ರೆಗೆ ಪೂರ್ತಿ ಕೆಲಸ ಸಿಗುವುದಿಲ್ಲ. ಲೈನ್‌ಮ್ಯಾನ್, ಅಂದರೆ ಎದುರು ತಂಡಕ್ಕೆ ಮುಖ ಕೊಟ್ಟು ಮುಂದಿನ ಸಾಲಿನಲ್ಲಿ ನಿಲ್ಲುವ ಆಟಗಾರ, ನೆಲಕ್ಕೆ ಹತ್ತಿರ ಬಗ್ಗಿ ನಿಂತು, ಅಲ್ಲಿಂದ ಎದುರಿನವನನ್ನು ತಳ್ಳಿಕೊಂಡು ಏಳಬೇಕು. ಆ ತಳಮಟ್ಟದ ಬಲವೇ ಅವನಿಗೆ ಬೇಕಾದ್ದು. ಅದಕ್ಕೇ ನಮ್ಮ ವೇಟ್ ರೂಮಿನಲ್ಲಿ ಆಳ ತಲುಪದ ಸ್ಕ್ವಾಟ್ ಬರೆದುಕೊಳ್ಳುವುದಿಲ್ಲ. 9ನೇ ತರಗತಿಯವನಿಗೂ 12ನೇ ತರಗತಿಯವನಿಗೂ ಒಂದೇ ನಿಯಮ.

ಹೊಸ ಹುಡುಗನಿಗೆ ನಾನು ಬಾರ್ ಕೊಡುವುದಿಲ್ಲ. 25 ಪೌಂಡಿನ ಡಂಬೆಲ್ ಒಂದನ್ನು ಎದೆಗೆ ಅವಚಿ ಹಿಡಿಯಲು ಹೇಳುತ್ತೇನೆ, ಗಾಬ್ಲೆಟ್ ಸ್ಕ್ವಾಟ್. ಹಿಂದೆ ಒಂದು ತಗ್ಗು ಪೆಟ್ಟಿಗೆ. ಪಾದ ಭುಜದಷ್ಟು ಅಗಲ, ಬೆರಳು ಸ್ವಲ್ಪ ಹೊರಕ್ಕೆ. ಹೊಟ್ಟೆ ತುಂಬ ಉಸಿರು ತೆಗೆದುಕೊಂಡು ಬಿಗಿ ಹಿಡಿ, ಮೊಣಕಾಲನ್ನು ಪಾದದ ದಿಕ್ಕಿಗೇ ಬಿಡು, ಪೆಟ್ಟಿಗೆಗೆ ತಾಗಿದ ಕೂಡಲೇ ಏಳು. ಹೆಚ್ಚಿನವರಿಗೆ ಮೊದಲು ಹಿಮ್ಮಡಿ ಮೇಲೇಳುತ್ತದೆ. ಕಣಕಾಲು ಬಿಗಿಯಾಗಿದ್ದರೆ ಹಾಗಾಗುವುದು ಸಹಜ. ಹಿಮ್ಮಡಿ ಕೆಳಗೆ ಸಣ್ಣ ಪ್ಲೇಟ್ ಇಟ್ಟರೆ ಆ ಕ್ಷಣಕ್ಕೆ ಸರಿಹೋಗುತ್ತದೆ, ಮುಂದೆ ಕಣಕಾಲಿನ ಕೆಲಸ ಬೇರೆಯಾಗಿ ಮಾಡಿಸುತ್ತೇನೆ. ಕೆಲವರಿಗೆ ಏಳುವಾಗ ಮೊಣಕಾಲು ಒಳಕ್ಕೆ ಬಾಗುತ್ತದೆ. ಇದನ್ನು ಯಾವತ್ತೂ ಬಿಟ್ಟುಬಿಡಬಾರದು. ಓಟದಲ್ಲಿ ದಿಕ್ಕು ತಿರುಗಿಸುವಾಗಲೂ ಮೊಣಕಾಲು ಹೀಗೇ ಒಳಕ್ಕೆ ಬಿದ್ದರೆ ಲಿಗಮೆಂಟಿಗೆ ಅಪಾಯ. ನಾನು ಎದುರಿಗೆ ಮಂಡಿಯೂರಿ ಕೂತು, ಅವನ ಮೊಣಕಾಲಿನ ಹೊರಗೆ ನನ್ನ ಅಂಗೈ ಇಟ್ಟು, "ನನ್ನ ಕೈ ತಳ್ಳು" ಅನ್ನುತ್ತೇನೆ. ಬಾಯಲ್ಲಿ ಎಷ್ಟು ವಿವರಿಸಿದರೂ ಬಾರದ್ದು ಇದರಲ್ಲಿ ಬರುತ್ತದೆ.

ಆಮೇಲೆ ಬಾರ್. ಖಾಲಿ ಬಾರೇ 45 ಪೌಂಡ್. ಐದೈದು ಸಲದಂತೆ ಮೂರು ಸೆಟ್. ಎಲ್ಲ ಸರಿಯಾಗಿ ಬಂದರೆ ಮುಂದಿನ ಸಲ 5 ಪೌಂಡ್ ಜಾಸ್ತಿ, ಅಷ್ಟೇ. ಈ ವಯಸ್ಸಿನ ಹುಡುಗನಿಗೆ 5 ಪೌಂಡ್ ಅಂದರೆ ಅವಮಾನ ಆದ ಹಾಗೆ. ಎರಡೂ ಕಡೆ ದೊಡ್ಡ ಪ್ಲೇಟ್ ಹಾಕಿ 135 ಮಾಡುವ ಆಸೆ. ಗಣಿತದ ಮೇಷ್ಟ್ರಾಗಿ ಇಲ್ಲಿ ನನಗೆ ಅನುಕೂಲ ಇದೆ, ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ವಾರಕ್ಕೆ ಎರಡು ಸಲ, ಸಲಕ್ಕೆ 5 ಪೌಂಡ್ ಅಂದರೆ ಹತ್ತು ವಾರಕ್ಕೆ 100 ಪೌಂಡ್. ಯಾವಾಗಲೂ ಹೀಗೇ ಏರುತ್ತಾ ಹೋಗುವುದಿಲ್ಲ ನಿಜ. ಆದರೆ ಮೊದಲ ಕೆಲವು ತಿಂಗಳು ಏರುತ್ತದೆ, ಯಾರ ಸೊಂಟವೂ ಹಿಡಿದುಕೊಳ್ಳುವುದಿಲ್ಲ.

ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರ ಎಷ್ಟು ಅಂತ ನಾವು ಮೇಲಿಂದ ಮೇಲೆ ಪರೀಕ್ಷೆ ಮಾಡುವುದಿಲ್ಲ. ಅದಕ್ಕೆ ಬಾಯ್ಡ್ ಎಪ್ಲಿಯವರ ಸೂತ್ರವೇ ಸಾಕು. ಇವರು 1969ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಸ್ಟ್ರೆಂತ್ ಕೋಚ್ ಆಗಿ ಸೇರಿದವರು. ಅಲ್ಲಿಯವರೆಗೆ ಭಾರ ಎತ್ತಿದರೆ ಆಟಗಾರ ನಿಧಾನವಾಗುತ್ತಾನೆ ಅಂತಲೇ ಎಷ್ಟೋ ಕೋಚ್‌ಗಳು ನಂಬಿದ್ದರು. ಈಗ ಈ ದೇಶದ ಶಾಲೆ ಕಾಲೇಜುಗಳಲ್ಲಿ ನನ್ನಂಥವರಿಗೆ ಒಂದು ಕೆಲಸ ಅಂತ ಇರುವುದಕ್ಕೆ ಅವರು ದೊಡ್ಡ ಕಾರಣ. ಸೂತ್ರ ಸುಲಭ. ಎತ್ತಿದ ಸಲವನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ಭಾರದಿಂದ ಗುಣಿಸಬೇಕು. 200 ಪೌಂಡನ್ನು 6 ಸಲ ಎತ್ತಿದವನ ಗರಿಷ್ಠ ಸುಮಾರು 240. ಅದರಲ್ಲೂ 90 ಶೇಕಡಾ, ಅಂದರೆ 216, ಹಿಡಿದುಕೊಂಡು ಮುಂದಿನ ವಾರಗಳ ಲೆಕ್ಕ ಹಾಕುತ್ತೇನೆ. ಪರೀಕ್ಷೆ ಇರುವ ವಾರ, ನಿದ್ದೆ ಕೆಟ್ಟ ವಾರ, ಮನೆಯಲ್ಲಿ ಏನೋ ಆದ ವಾರ, ಎಲ್ಲಕ್ಕೂ ಆ 10 ಶೇಕಡಾ ಜಾಗ ಬೇಕು.

ಇನ್ನು ಪಂದ್ಯಗಳು. ಟೆಕ್ಸಾಸಿನಲ್ಲಿ ಹೈಸ್ಕೂಲು ಪವರ್‌ಲಿಫ್ಟಿಂಗ್ ನಡೆಯುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಸಂಸ್ಥೆ ಇದೆ. ಫುಟ್‌ಬಾಲ್ ಮುಗಿದು ಮೈಗೆ ವಿಶ್ರಾಂತಿ ಸಿಕ್ಕಿರುತ್ತದೆ, ವಸಂತದ ಅಭ್ಯಾಸ ಇನ್ನೂ ದೂರ. ಇಷ್ಟು ಚೆನ್ನಾಗಿ ಹೊಂದುವ ಹೊತ್ತು ಇನ್ನೊಂದಿಲ್ಲ. ಸುಮ್ನೆ ಜಿಮ್ಮಿಗೆ ಬಾ ಅಂದರೆ ಫೆಬ್ರವರಿಯ ಚಳಿಯಲ್ಲಿ ಯಾರು ಬರುತ್ತಾರೆ? ಶನಿವಾರ ಪಂದ್ಯ ಇದೆ ಅಂದರೆ ಬರುತ್ತಾರೆ.

ಪಂದ್ಯದ ದಿನ ಬೆಳಕು ಹರಿಯುವ ಮುಂಚೆ ಹುಡುಗರು ತೂಕದ ಯಂತ್ರದ ಮುಂದೆ ಸಾಲು ನಿಂತಿರುತ್ತಾರೆ, ಸ್ಪರ್ಧೆ ನಡೆಯುವುದು ಮೈತೂಕದ ವರ್ಗದ ಪ್ರಕಾರ. ತೂಕ ಆದ ಕೂಡಲೇ ಚೀಲದಿಂದ ಬಾಳೆಹಣ್ಣು, ಸ್ಯಾಂಡ್‌ವಿಚ್ ಹೊರಗೆ ಬರುತ್ತವೆ. ವೇದಿಕೆಯ ಮೇಲೆ ಎಲ್ಲವೂ ಅಪ್ಪಣೆಯ ಮೇಲೆ ನಡೆಯಬೇಕು. ಬೆಂಚಿನಲ್ಲಿ ಬಾರ್ ಎದೆಗೆ ತಾಗಿ ಅಲ್ಲಾಡದೆ ನಿಲ್ಲಬೇಕು, ಜಡ್ಜ್ "ಪ್ರೆಸ್" ಅಂದ ಮೇಲೇ ತಳ್ಳಬೇಕು, "ರ‍್ಯಾಕ್" ಅಂದ ಮೇಲೇ ಇಡಬೇಕು. ಡೆಡ್‌ಲಿಫ್ಟಿನಲ್ಲಿ "ಡೌನ್" ಅನ್ನುವವರೆಗೂ ಹಿಡಿದು ನಿಲ್ಲಬೇಕು. ಒಮ್ಮೆ ನಮ್ಮ ಹುಡುಗನೊಬ್ಬ ಜೀವಮಾನದ ದೊಡ್ಡ ಬೆಂಚ್ ತಳ್ಳಿದ, ಆದರೆ ಅಪ್ಪಣೆಗಿಂತ ಒಂದು ಗಳಿಗೆ ಮುಂಚೆ. ಮೂರೂ ಕೆಂಪು ದೀಪ. ಅವನು ರಕ್ಷಣಾ ಲೈನಿನ ಆಟಗಾರ. ಎದುರಿನವರ ಕೂಗಿಗೆ ಮೋಸ ಹೋಗಿ ಚೆಂಡು ಅಲುಗುವ ಮುಂಚೆಯೇ ನುಗ್ಗಿ ತಂಡಕ್ಕೆ 5 ಗಜ ದಂಡ ಕಟ್ಟಿಸುತ್ತಿದ್ದ. ಆ ಚಳಿಗಾಲವಿಡೀ ಅವನು ಬೆಂಚಿನ ಮೇಲೆ ಕಾಯುವುದನ್ನು ಅಭ್ಯಾಸ ಮಾಡಿದ. ಮುಂದಿನ ಸೀಸನ್‌ನಲ್ಲಿ ಲೈನಿನ ಮೇಲೂ ಕಾಯುತ್ತಿದ್ದ.

ಮೊದಲ ಸಲ ಎಷ್ಟು ಭಾರ ಕೇಳಬೇಕು ಅನ್ನುವುದರಲ್ಲಿ ನಾನು ಬಿಗಿ. ಜ್ವರ ಬಂದ ದಿನವೂ ಮೂರು ಸಲ ಎತ್ತಬಲ್ಲೆ ಅನ್ನುವಷ್ಟು ಹಗುರ ಇರಬೇಕು. ಒಂದು ಲಿಫ್ಟಿನ ಮೂರೂ ಅವಕಾಶ ಹೋದರೆ ಟೋಟಲ್ಲೇ ಇಲ್ಲ, ಅವತ್ತಿನ ಪಂದ್ಯ ಅಲ್ಲಿಗೆ ಮುಗಿಯಿತು.

ನಾನು ಬಿಡುವ ಸಂಗತಿಗಳೂ ಇವೆ. ಟೆಕ್ಸಾಸಿನ ಹೈಸ್ಕೂಲು ಪಂದ್ಯಗಳಲ್ಲಿ ಸ್ಕ್ವಾಟ್ ಸೂಟ್, ಬೆಂಚ್ ಶರ್ಟ್ ಹಾಕುವ ರೂಢಿ ಇದೆ. ಬೆಂಚ್ ಶರ್ಟ್ ಎಷ್ಟು ಬಿಗಿ ಅಂದರೆ ಇಬ್ಬರು ಸೇರಿ ಎಳೆದು ತೊಡಿಸಬೇಕು. ಎದೆಯಿಂದ ಬಾರ್ ಮೇಲೆತ್ತಲು ಆ ಬಟ್ಟೆಯೇ ಸಹಾಯ ಮಾಡುತ್ತದೆ. ಪವರ್‌ಲಿಫ್ಟಿಂಗನ್ನೇ ಮುಖ್ಯ ಆಟ ಮಾಡಿಕೊಂಡವರು ಅದನ್ನು ಕಲಿಯಲಿ, ಅದರಲ್ಲೂ ವಿದ್ಯೆ ಇದೆ. ಫುಟ್‌ಬಾಲ್ ಹುಡುಗನಿಗೆ ಮೈದಾನದಲ್ಲಿ ಆ ಬಟ್ಟೆ ಇರುವುದಿಲ್ಲ. ನಮ್ಮ ಹುಡುಗರಿಗೆ ಬೆಲ್ಟ್ ಸಾಕು. ಇದರಿಂದ ಪದಕ ತಪ್ಪುತ್ತದೆ, ಗೊತ್ತು. ತೂಕದ ವರ್ಗಕ್ಕಾಗಿ ಊಟ ಬಿಡುವುದು, ನೀರು ಬಿಡುವುದು ನಮ್ಮಲ್ಲಿ ಖಂಡಿತ ಇಲ್ಲ. ಬೆಳೆಯುವ ಮಗುವನ್ನು ಉಪವಾಸ ಕೆಡವಿ ಗೆಲ್ಲುವ ಪದಕ ನನಗೆ ಬೇಡ.

ಮೂರು ಲಿಫ್ಟಿನ ಮೇಲೇ ನಿಂತರೆ ಫುಟ್‌ಬಾಲಿಗೆ ಸಾಲುವುದೂ ಇಲ್ಲ. ಬೆಂಚ್ ತಳ್ಳಿದಷ್ಟೂ ಹಿಂದಕ್ಕೆ ಎಳೆಯುವ ಕೆಲಸ ಮಾಡಿಸುತ್ತೇನೆ, ಪುಲ್‌ಅಪ್, ಬಾರನ್ನು ಮೈಯ ಕಡೆಗೆ ಎಳೆಯುವ ರೋ. ಇಲ್ಲದಿದ್ದರೆ ಭುಜ ಮುಂದಕ್ಕೆ ಬಾಗಿ ನೋವು ಶುರು. ಒಂದೇ ಕಾಲಿನ ಸ್ಕ್ವಾಟ್, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗಿಗೆ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ಕರ್ಲ್, ಭಾರ ಹೇರಿದ ಸ್ಲೆಡ್ ತಳ್ಳುವುದು ಎಲ್ಲ ಇರುತ್ತವೆ. ಓಟಕ್ಕೆ ಬದಲಿ ಯಾವುದೂ ಇಲ್ಲ, ಅದರಲ್ಲೂ ಓಡಿ ಚೆಂಡು ಹಿಡಿಯುವ ರಿಸೀವರ್‌ಗಳಿಗೆ.

ಕತ್ತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೈಸ್ಕೂಲು ಆಟಗಾರರ ಕತ್ತಿನ ಬಲವನ್ನು ಅಳೆದು, ಬಲ ಒಂದು ಪೌಂಡ್ ಹೆಚ್ಚಿದ್ದಲ್ಲಿ ಕನ್‌ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಆಗುವ ಗಾಯದ, ಸಂಭವ ಸುಮಾರು 5 ಶೇಕಡಾ ಕಡಿಮೆ ಇತ್ತು ಅಂದಿತು. ಅದು ಸಾಕರ್ (ಕಾಲಲ್ಲಿ ಒದೆಯುವ ಫುಟ್‌ಬಾಲ್), ಬ್ಯಾಸ್ಕೆಟ್‌ಬಾಲ್, ಲಕ್ರಾಸ್ ಆಡುವವರ ಮೇಲೆ ಮಾಡಿದ್ದು, ಫುಟ್‌ಬಾಲ್ ಆಡುವವರ ಮೇಲೆ ಅಲ್ಲ. ಆದರೂ ನಾನು ಕಾಯುತ್ತಾ ಕೂರುವುದಿಲ್ಲ. ವಾರಕ್ಕೆ ಎರಡು ದಿನ, ಜೊತೆಗಾರ ಹಣೆಗೆ ಅಂಗೈ ಒತ್ತಿ ಹಿಡಿಯುತ್ತಾನೆ, ಹುಡುಗ ಕತ್ತು ಅಲುಗದಂತೆ ಎದುರು ಒತ್ತುತ್ತಾನೆ. ನಾಲ್ಕೂ ದಿಕ್ಕಿಗೆ, ಒಂದೊಂದು ಸಲ ಹತ್ತು ಸೆಕೆಂಡು. ಖರ್ಚಿಲ್ಲ, ಯಂತ್ರ ಬೇಡ.

ಯುಗಾದಿ ಊಟದಲ್ಲೋ ರಾಜ್ಯೋತ್ಸವದಲ್ಲೋ ಸಿಕ್ಕ ನಮ್ಮವರು ಕೇಳುವುದು ಒಂದೇ: "ಈ ವಯಸ್ಸಲ್ಲಿ ವೇಟ್ ಎತ್ತಿದ್ರೆ ಹೈಟ್ ನಿಂತು ಹೋಗಲ್ವಾ ಸರ್?" ಹೋಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಈ ವಿಷಯದ ಮೇಲೆ ವರದಿಯನ್ನೇ ಕೊಟ್ಟಿದೆ. ಕಲಿಸುವವರು ಪಕ್ಕದಲ್ಲಿದ್ದು ಸರಿಯಾದ ಕ್ರಮದಲ್ಲಿ ಮಾಡಿಸಿದರೆ ಬೆಳವಣಿಗೆಗೆ ತೊಂದರೆ ಇಲ್ಲ. ಇನ್ನೊಬ್ಬ ತಾಯಿ ಕೇಳಿದರು, "ನಮ್ಮನೇಲಿ ಮೊಟ್ಟೇನೂ ತಿನ್ನಲ್ಲ, ಇವನಿಗೆ ಏನು ಕೊಡ್ಲಿ?" ಮೈತೂಕದ ಒಂದು ಕಿಲೋಗೆ ದಿನಕ್ಕೆ ಒಂದೂವರೆ ಗ್ರಾಂ ಆಸುಪಾಸು ಪ್ರೋಟೀನ್ ಸಿಕ್ಕರೆ ಸಾಕು. ಮೂರು ಹೊತ್ತೂ ಗಟ್ಟಿ ಮೊಸರು, ಬೆಳಿಗ್ಗೆ ಪೆಸರಟ್ಟು, ಊಟಕ್ಕೆ ಪನೀರ್, ಸೋಯಾ, ಕಡಲೆ ಉಸಲಿ, ಮಲಗುವಾಗ ಹಾಲು. ಅನ್ನ ಕಡಿಮೆ ಮಾಡಬೇಡಿ ಅಂದೆ, ಅಷ್ಟು ಓಡುವ ಹುಡುಗನಿಗೆ ಅನ್ನವೂ ಬೇಕು. ಡಬ್ಬದ ಪುಡಿಗಳ ಬಗ್ಗೆ ಕೇಳಿದರೆ ನಾನು ಶಿಫಾರಸು ಮಾಡುವುದಿಲ್ಲ. ಟೆಕ್ಸಾಸಿನಲ್ಲಿ ಬಲ ಹೆಚ್ಚಿಸುವ ಸಪ್ಲಿಮೆಂಟುಗಳನ್ನು ಶಾಲೆಯ ನೌಕರರು ವಿದ್ಯಾರ್ಥಿಗಳಿಗೆ ಹೇಳುವಂತೆಯೂ ಇಲ್ಲ. ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಅಂತ ಮಾತ್ರ ಪ್ರತಿ ತಾಯಿತಂದೆಗೂ ಹೇಳುತ್ತೇನೆ. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದರೆ ಅರ್ಧ ಕೆಲಸ ಆಯಿತು.

ರಜೆ ಮುಗಿಸಿ ಬಂದ ಮೊದಲ ವಾರ ಬಹಳ ಹುಷಾರಾಗಿರಬೇಕು. 2011ರ ಜನವರಿಯಲ್ಲಿ ಐಯೋವಾ ವಿಶ್ವವಿದ್ಯಾಲಯದ 13 ಫುಟ್‌ಬಾಲ್ ಆಟಗಾರರು ರಜೆಯ ನಂತರದ ಕಠಿಣ ವ್ಯಾಯಾಮದಿಂದ ಆಸ್ಪತ್ರೆ ಸೇರಿದರು. ಅದರಲ್ಲಿ 100 ಸ್ಕ್ವಾಟ್‌ಗಳೂ ಇದ್ದವು. ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ಹೊಡೆತ ಕೊಡುವ ರಾಬ್ಡೊಮಯೊಲಿಸಿಸ್ ಅದು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೋಗು ಅಂತ ಹುಡುಗರಿಗೆ ವರ್ಷದ ಶುರುವಿನಲ್ಲೇ ಹೇಳಿಡುತ್ತೇನೆ. ಅವರು ಮೈ ಮುರಿದು ದುಡಿಯಲು ಸಿದ್ಧ ಇರುತ್ತಾರೆ, ತಡೆಯುವವರು ನಾವೇ ಆಗಬೇಕು. ರಜೆ ನಂತರ ಮೊದಲ ವಾರ ಅರ್ಧ ಭಾರ, ಅರ್ಧ ಸೆಟ್.

ಆಗಸ್ಟಿನಿಂದ ಸೀಸನ್. ಎಷ್ಟೋ ಕಡೆ ಆಟ ಶುರುವಾದ ಕೂಡಲೇ ವೇಟ್ ರೂಮಿಗೆ ಬೀಗ ಬೀಳುತ್ತದೆ. ಬೇಸಿಗೆಯಿಡೀ ಬೆಳೆಸಿದ ಬಲ ಹೆಚ್ಚು ಬೇಕಾಗುವುದು ನವೆಂಬರಿನಲ್ಲಿ, ಅಷ್ಟರಲ್ಲಿ ಅದು ಕರಗಿರುತ್ತದೆ. ಶುಕ್ರವಾರ ಆಡುವ ಹುಡುಗರಿಗೆ ಸೋಮವಾರ ಸ್ಕ್ವಾಟ್, ಲೆಕ್ಕಕ್ಕೆ ಹಿಡಿದ ಭಾರದ 80 ಶೇಕಡಾ ಆಸುಪಾಸು, ಮೂರು ಸಲದಂತೆ ಮೂರೇ ಸೆಟ್. ಬುಧವಾರ ಬೆಂಚ್, ರೋ, ಕತ್ತು, ಅಲ್ಲಿಗೆ ನಿಲ್ಲಿಸುತ್ತೇನೆ. ಒಂದೊಂದು ದಿನಕ್ಕೂ ಮುಕ್ಕಾಲು ಗಂಟೆ ಮೀರುವುದಿಲ್ಲ, ಮರುದಿನ ಕಾಲು ಎಳೆಯುವಂತೆ ಮಾಡುವುದೂ ಇಲ್ಲ. ಹಿಂದಿನ ಆಟದಲ್ಲಿ ಪೆಟ್ಟು ತಿಂದವನಿಗೆ ಬಾರ್ ಬಿಡಿಸಿ ಸ್ಲೆಡ್ ಕೊಡುತ್ತೇನೆ. ಸೀಸನ್ ಕೊನೆಯ ನಾಕೌಟ್ ಪಂದ್ಯಗಳು, ಅಂದರೆ ಪ್ಲೇಆಫ್, ಬಂದರೆ ಸೆಟ್ ಮೂರರಿಂದ ಎರಡಕ್ಕೆ ಇಳಿಸುತ್ತೇನೆ, ಭಾರ ಮಾತ್ರ ಇಳಿಸುವುದಿಲ್ಲ.