ಮುಂಬಯಿ ಸೆಕೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್: ನನ್ನ ಅನುಭವ

ಡೊಂಬಿವಲಿಯ ನಮ್ಮ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ 34 ಡಿಗ್ರಿ ಇರುತ್ತದೆ. ಓವರ್‌ಕ್ಲಾಕ್ (ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಕಾರ್ಡ್ ಓಡಿಸುವುದು) ಕಲಿಸುವ ವಿಡಿಯೊಗಳಲ್ಲಿ ಕಾಣುವ ಅಂಕಿಗಳು ಸಾಮಾನ್ಯವಾಗಿ 21-22 ಡಿಗ್ರಿಯ ಕೋಣೆಯವು. ನಡುವಿನ ಆ 12 ಡಿಗ್ರಿ ಹೆಚ್ಚುಕಡಿಮೆ ಪೂರ್ತಿಯಾಗಿ ಕಾರ್ಡ್‌ನ ಮೇಲೆ ಬಂದು ಕೂರುತ್ತದೆ. ಅವರ ಸೆಟ್ಟಿಂಗನ್ನು ಹಾಗೇ ಇಳಿಸಿಕೊಂಡರೆ ಇಲ್ಲಿ ನಿಲ್ಲುವುದಿಲ್ಲ. ನಮ್ಮ ಊರಿನ ಹವೆಗೆ ಒಪ್ಪುವ ದಾರಿ ಎಂದರೆ ಮೊದಲು ವೋಲ್ಟೇಜ್ ಇಳಿಸಿ, ಅದರಿಂದ ಉಳಿದ ವ್ಯಾಟ್‌ಗಳನ್ನು ಮೆಮೊರಿಗೆ ಕೊಡುವುದು.

ನನ್ನದು ಎನ್‌ವಿಡಿಯಾದ ಆರ್‌ಟಿಎಕ್ಸ್ 3060, ಮೆಮೊರಿ 12 ಜಿಬಿ. 170 ವ್ಯಾಟ್‌ನ ಕಾರ್ಡ್, ಒಂದೇ 8 ಪಿನ್ ಕನೆಕ್ಟರ್, ಕಂಪನಿ ಹೇಳುವ ಬೂಸ್ಟ್ ವೇಗ 1777 ಮೆಗಾಹರ್ಟ್ಸ್. ಜೊತೆಗೆ ರೈಜನ್ 5 5600 ಪ್ರೊಸೆಸರ್ ಮತ್ತು 550 ವ್ಯಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬ). ಗೇಮ್‌ಗಿಂತ ಹೆಚ್ಚಾಗಿ ಕಾರ್ಡ್ ದುಡಿಯುವುದು ಯಕ್ಷಗಾನದ ರಾತ್ರಿ ಪ್ರದರ್ಶನಗಳ ವಿಡಿಯೊದಿಂದ ನಾಯ್ಸ್ (ಚಿತ್ರದ ಮೇಲಿನ ಮರಳಿನಂಥ ಚುಕ್ಕೆಗಳು) ತೆಗೆಯಲು. ಗಂಟೆಗಟ್ಟಲೆ ಫುಲ್ ಲೋಡ್ ಇರುತ್ತದೆ. ಈ ಕೆಲಸದಲ್ಲಿ ಒಂದು ಫ್ರೇಮ್ ಕೆಟ್ಟರೂ ಇಡೀ ರೆಂಡರ್ (ವಿಡಿಯೊವನ್ನು ಸಿದ್ಧಮಾಡಿ ಹೊರತೆಗೆಯುವ ಕೆಲಸ) ಮತ್ತೆ ಮಾಡಬೇಕು.

ಸಾಫ್ಟ್‌ವೇರ್ ಮುಟ್ಟುವ ಮೊದಲು ಕ್ಯಾಬಿನೆಟ್ ಎಲ್ಲಿದೆ ನೋಡಿ. ಮುಂಬಯಿಯ ಸಣ್ಣ ಫ್ಲ್ಯಾಟ್‌ಗಳಲ್ಲಿ ಅದು ಕಂಪ್ಯೂಟರ್ ಟೇಬಲಿನ ಮರದ ಗೂಡೊಳಗೆ ಇರುತ್ತದೆ. ಅರ್ಧ ಗಂಟೆ ಲೋಡ್ ಕೊಟ್ಟು ಗೂಡೊಳಗೆ ಥರ್ಮಾಮೀಟರ್ ಇಟ್ಟರೆ 43 ಡಿಗ್ರಿ. ಕಾರ್ಡ್ ಉಸಿರಾಡುವುದು ಅದೇ ಗಾಳಿಯನ್ನು. ಹೊರಗೆ ತೆಗೆದು, ಹಿಂಭಾಗ ಗೋಡೆಯಿಂದ ಒಂದು ಗೇಣು ದೂರ ಇಟ್ಟು, ಮುಂದೆ 120 ಎಂಎಂನ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಇಟ್ಟದ್ದರಿಂದಲೇ ಕಾರ್ಡ್‌ನ ಬಿಸಿ 7 ಡಿಗ್ರಿ ಇಳಿಯಿತು. ಬೇಕಾದದ್ದು ಫ್ಯಾನ್‌ಗಳ ಖರ್ಚು, ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡಿನ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ.

ಎರಡನೆಯದು ಧೂಳು. ಇಲ್ಲಿನ ಧೂಳು ಒಣ ಧೂಳಲ್ಲ. ತೇವ ಮತ್ತು ಅಡುಗೆಮನೆಯ ಎಣ್ಣೆಯ ಹಬೆ ಸೇರಿ ಕಾರ್ಡ್‌ನ ಬಿಸಿ ಹೊರಹಾಕುವ ಲೋಹದ ಭಾಗವಾದ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಅಂಟುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಗಾಳಿಗೆ ಅದು ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಜಾಗ) ಅಂಕಿಯನ್ನು ಹೆಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ ನೋಡಿ. ಜಿಪಿಯು (ಕಾರ್ಡ್‌ನ ಮುಖ್ಯ ಚಿಪ್) ತಾಪಮಾನಕ್ಕೂ ಅದಕ್ಕೂ 10-15 ಡಿಗ್ರಿ ಅಂತರ ಸಹಜ. 25 ದಾಟಿದರೆ ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಪೇಸ್ಟ್ ಬದಲಿಸುವುದಾದರೆ ಸ್ಕ್ರೂಗಳನ್ನು ಅಡ್ಡಡ್ಡಲಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡನ್ನು ಅಂದಾಜಿನಲ್ಲಿ ಬದಲಿಸಲೇಬೇಡಿ. 1 ಎಂಎಂ ಇದ್ದಲ್ಲಿ 1.5 ಎಂಎಂ ಹಾಕಿದರೆ ಹೀಟ್‌ಸಿಂಕ್ ಎತ್ತಿಕೊಂಡು ನಿಂತು ಜಿಪಿಯು ಚಿಪ್‌ಗೇ ತಾಗುವುದಿಲ್ಲ.

ಇನ್ನು ಅಸಲು ಕೆಲಸ. ಕಾರ್ಡ್‌ನ ವೇಗ, ವೋಲ್ಟೇಜ್ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಅದರ ಹೆಸರಿನಲ್ಲಿ ವೈರಸ್ ಹಂಚುವ ನಕಲಿ ತಾಣಗಳಿವೆ. ವಿಂಡೋಸ್ ಶುರುವಾಗುವಾಗಲೇ ಸೆಟ್ಟಿಂಗ್ ಹಚ್ಚುವ ಆಯ್ಕೆಯನ್ನು ಕನಿಷ್ಠ ಒಂದು ವಾರ ಆನ್ ಮಾಡಬೇಡಿ. ಆಗ ಏನೇ ಕೆಟ್ಟರೂ ರೀಸ್ಟಾರ್ಟ್ ಮಾಡಿದರೆ ಕಾರ್ಡ್ ಮೂಲಸ್ಥಿತಿಗೆ ಬರುತ್ತದೆ. ವೋಲ್ಟೇಜ್ ಹೆಚ್ಚಿಸುವ ಸ್ಲೈಡರಿಗೂ, ಬಯಾಸ್ ಫ್ಲ್ಯಾಶ್ ಮಾಡುವುದಕ್ಕೂ (ಕಾರ್ಡ್‌ನೊಳಗಿನ ಮೂಲ ಸಾಫ್ಟ್‌ವೇರನ್ನೇ ಬದಲಿಸುವುದು) ನಾನು ಕೈ ಹಾಕಿಲ್ಲ. ಈ ಹವೆಯಲ್ಲಿ ಅವೆರಡರಿಂದ ಸಿಗುವುದು ಬಿಸಿ ಮಾತ್ರ.

ಮೊದಲು ಏನೂ ಬದಲಿಸದೆ ಯೂನಿಜಿನ್ ಸೂಪರ್‌ಪೊಸಿಷನ್ ಎಂಬ ಬೆಂಚ್‌ಮಾರ್ಕ್ (ಕಾರ್ಡಿಗೆ ಲೋಡ್ ಕೊಟ್ಟು ಸ್ಕೋರ್ ಹೇಳುವ ಪರೀಕ್ಷೆ) ಅರ್ಧ ಗಂಟೆ ಓಡಿಸಿ ಬರೆದಿಟ್ಟುಕೊಂಡದ್ದು ಇಷ್ಟು: 1890 ಮೆಗಾಹರ್ಟ್ಸ್ ಆಸುಪಾಸು, 1.05 ವೋಲ್ಟ್, 168 ವ್ಯಾಟ್, 76 ಡಿಗ್ರಿ, ಹಾಟ್‌ಸ್ಪಾಟ್ 89. ಜಿಪಿಯು-ಝಡ್ ಎಂಬ ಸಾಫ್ಟ್‌ವೇರಿನಲ್ಲಿ ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲು ‘ಪವರ್’ ಎಂದು ತೋರಿಸುತ್ತಿತ್ತು. ವೇಗವನ್ನು ಹಿಡಿದು ನಿಲ್ಲಿಸುತ್ತಿರುವುದು ವ್ಯಾಟ್‌ನ ಮಿತಿ ಎಂದು ಇದರ ಅರ್ಥ. ಹೀಗಿರುವಾಗ ಕೋರ್ (ಮುಖ್ಯ ಚಿಪ್‌ನ ವೇಗ) ಸ್ಲೈಡರಿಗೆ 100 ಸೇರಿಸಿದರೂ ವೇಗ ಅಷ್ಟು ಏರುವುದಿಲ್ಲ. ಚಿಪ್ ತಿನ್ನುವ ವಿದ್ಯುತ್ತು ವೇಗಕ್ಕೆ ನೇರವಾಗಿ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.05 ವೋಲ್ಟಿನಿಂದ 0.9ಕ್ಕೆ ಇಳಿದರೆ ಆ ವರ್ಗದ ಲೆಕ್ಕದಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ.

ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್-ವೇಗದ ಗೆರೆ ತೆರೆಯುತ್ತದೆ. ಮೊದಲು ಕೋರ್ ಸ್ಲೈಡರನ್ನು ಮೈನಸ್ ಕಡೆಗೆ, ಗೆರೆಯ ತುದಿ 1875ಕ್ಕಿಂತ ಕೆಳಗೆ ಬರುವಷ್ಟು ಎಳೆಯಿರಿ. ನನ್ನ ಕಾರ್ಡಿಗೆ ಮೈನಸ್ 290 ಸಾಕಾಯಿತು. ಆಮೇಲೆ 900 ಮಿಲಿವೋಲ್ಟಿನ ಚುಕ್ಕೆಯೊಂದನ್ನೇ ಹಿಡಿದು 1875ಕ್ಕೆ ಎತ್ತಿ ಅಪ್ಲೈ ಒತ್ತಿ. ಅದರ ಬಲಗಡೆಯ ಚುಕ್ಕೆಗಳೆಲ್ಲ ತಾವಾಗಿಯೇ ಅದೇ ಮಟ್ಟಕ್ಕೆ ಬಂದು ಗೆರೆ ಚಪ್ಪಟೆಯಾಗುತ್ತದೆ. ಈಗ ಕಾರ್ಡ್ 900 ಮಿಲಿವೋಲ್ಟ್ ದಾಟುವುದಿಲ್ಲ. ನೇರವಾಗಿ ನನ್ನ ಅಂಕಿ ಹಾಕಬೇಡಿ. ಒಂದೇ ಮಾಡೆಲಿನ ಎರಡು ಕಾರ್ಡುಗಳೂ ಒಂದೇ ಥರ ಇರುವುದಿಲ್ಲ. 1800ರಿಂದ ಶುರುಮಾಡಿ 15ರ ಹೆಜ್ಜೆಯಲ್ಲಿ ಏರಿಸಿ. ಕಾರ್ಡ್ ಹೆಜ್ಜೆ ಇಡುವುದೂ 15 ಮೆಗಾಹರ್ಟ್ಸ್‌ನ ಲೆಕ್ಕದಲ್ಲೇ.

ಇಲ್ಲೊಂದು ಮೋಸವಿದೆ. ವೋಲ್ಟೇಜ್ ತೀರ ಕಡಿಮೆಯಾದಾಗ ಕಾರ್ಡ್ ಹ್ಯಾಂಗ್ ಆಗದೆಯೇ ಒಳಗೊಳಗೆ ನಿಧಾನವಾಗಬಹುದು. 875 ಮಿಲಿವೋಲ್ಟಿನಲ್ಲಿ 1905 ಇಟ್ಟಾಗ ಪರದೆಯಲ್ಲಿ 1905 ಎಂದೇ ಇತ್ತು. ಹೆಚ್‌ಡಬ್ಲ್ಯೂಇನ್ಫೋದ ಎಫೆಕ್ಟಿವ್ ಕ್ಲಾಕ್ ಸಾಲು ಮಾತ್ರ ಅದಕ್ಕಿಂತ ಸುಮಾರು 40 ಕೆಳಗಿತ್ತು, ಸ್ಕೋರ್ ಕೂಡ ಇಳಿದಿತ್ತು. ಆದ್ದರಿಂದ ಮೆಗಾಹರ್ಟ್ಸ್ ನಂಬಬೇಡಿ, ಸ್ಕೋರ್ ನಂಬಿ.

1875ರಲ್ಲಿ ನಿಂತ ಮೇಲೆ ಅದೇ ಪರೀಕ್ಷೆಯಲ್ಲಿ 136 ವ್ಯಾಟ್, 67 ಡಿಗ್ರಿ, ಹಾಟ್‌ಸ್ಪಾಟ್ 79. ವೇಗದಲ್ಲಿ ಕಳೆದದ್ದು 15 ಮೆಗಾಹರ್ಟ್ಸ್.

ಮೆಮೊರಿಯ ಸರದಿ ಆಮೇಲೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೈಕೊಟ್ಟಿತು ಎಂದು ಗೊತ್ತಾಗುವುದಿಲ್ಲ. ಪ್ಲಸ್ 100ರ ಹೆಜ್ಜೆಗಳಲ್ಲಿ ಏರಿಸುತ್ತ, ಪ್ರತಿ ಹೆಜ್ಜೆಗೂ ಸ್ಕೋರ್ ಬರೆದುಕೊಳ್ಳಿ. ನನ್ನದು 800ರವರೆಗೆ ಏರಿತು, 900ರಲ್ಲಿ ಏರಿಕೆ ನಿಂತಿತು, 1000ದಲ್ಲಿ ಪರದೆಯ ಮೇಲೆ ಮಿಣಮಿಣ ಚುಕ್ಕೆಗಳು ಕಂಡವು. ಇಟ್ಟುಕೊಂಡದ್ದು 600. ಆಫ್ಟರ್‌ಬರ್ನರ್‌ನಲ್ಲಿ 7500 ಇದ್ದದ್ದು 8100 ಆಯಿತು, ಅಂದರೆ ಸೆಕೆಂಡಿಗೆ 360 ಜಿಬಿ ಹರಿಯುತ್ತಿದ್ದ ಡೇಟಾ ಸುಮಾರು 389 ಜಿಬಿಗೆ ಏರಿತು. ನಾಯ್ಸ್ ತೆಗೆಯುವ ಕೆಲಸದಲ್ಲಿ ಲಾಭ ಕಂಡದ್ದು ಇಲ್ಲೇ.

800 ಏಕೆ ಬೇಡ ಎಂದರೆ, ಮೆಮೊರಿಯ ತಪ್ಪು ಸದ್ದಿಲ್ಲದೆ ಆಗುತ್ತದೆ. ಒಂದು ರೆಂಡರಿನಲ್ಲಿ ಕಿರೀಟದ ಅಂಚಿಗೆ ಹೆಬ್ಬೆರಳಗಲದ ಹಸಿರು ಚೌಕವೊಂದು ಒಂದೇ ಫ್ರೇಮ್ ಮಿಂಚಿ ಮಾಯವಾಗಿತ್ತು. ಆಗ ಮೆಮೊರಿ ಪ್ಲಸ್ 850ರಲ್ಲಿತ್ತು, ಬೆಂಚ್‌ಮಾರ್ಕ್‌ಗಳೆಲ್ಲ ಪಾಸಾಗಿದ್ದವು. ಒಸಿಸಿಟಿ ಎಂಬ ಸಾಫ್ಟ್‌ವೇರಿನ ವಿರ್ಯಾಮ್ (ಕಾರ್ಡ್‌ನ ಮೆಮೊರಿ) ಪರೀಕ್ಷೆ ಅದೇ ಸೆಟ್ಟಿಂಗಿಗೆ ಕೆಲವೇ ನಿಮಿಷದಲ್ಲಿ ಎರರ್ ಕೊಟ್ಟಿತು. ಆ ಪರೀಕ್ಷೆಯಲ್ಲಿ ಒಂದು ಗಂಟೆ ಸೊನ್ನೆ ಎರರ್ ಬರಬೇಕು. ಒಂದೇ ಒಂದು ಎರರ್ ಬಂದರೂ 100 ಇಳಿಸಿ.

ಕೋರ್ ಕೈಕೊಟ್ಟರೆ ಲಕ್ಷಣ ಬೇರೆ: ಪರದೆ ಎರಡು ಸೆಕೆಂಡ್ ಕಪ್ಪಾಗಿ ಗೇಮ್ ಮುಚ್ಚಿಕೊಳ್ಳುತ್ತದೆ, ವಿಂಡೋಸ್ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 4101 ಎಂಬ ನಂಬರ್ ಕಾಣುತ್ತದೆ. ಆಗ ಒಂದು ಹೆಜ್ಜೆ ವೇಗ ಇಳಿಸಿ. ಫರ್‌ಮಾರ್ಕ್ ಎಂಬ ಪರೀಕ್ಷೆ ಓಡಿಸಿ ‘ಸ್ಥಿರವಾಗಿದೆ’ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದು ವ್ಯಾಟ್ ಮಿತಿಗೆ ಹೊಡೆಸಿ ಕಾರ್ಡ್‌ನ ವೇಗವನ್ನೇ ಇಳಿಸಿಬಿಡುತ್ತದೆ, ಮೇಲಿನ ವೇಗ ಪರೀಕ್ಷೆಗೇ ಒಳಗಾಗುವುದಿಲ್ಲ. ಅದರ ಬದಲು 3ಡಿಮಾರ್ಕ್ ಬೆಂಚ್‌ಮಾರ್ಕಿನ ಟೈಮ್ ಸ್ಪೈ ಸ್ಟ್ರೆಸ್ ಟೆಸ್ಟಿನ 20 ಸುತ್ತು ಓಡಿಸಿ, ಆಮೇಲೆ ನಿಮ್ಮ ನಿತ್ಯದ ಗೇಮ್ ಅಥವಾ ರೆಂಡರ್ ಎರಡು ಗಂಟೆ. ಅದೂ ಮಧ್ಯಾಹ್ನ, ಎಸಿ ಇಲ್ಲದೆ.

ಮಧ್ಯಾಹ್ನ ಪಾಸಾದದ್ದು ಜನವರಿಯ ಬೆಳಿಗ್ಗೆ ಕೈಕೊಡುವುದೂ ಉಂಟು. ಎನ್‌ವಿಡಿಯಾ ಕಾರ್ಡ್ ತಣ್ಣಗಿದ್ದಾಗ ಇಡೀ ಗೆರೆಯನ್ನು ಒಂದೆರಡು ಹೆಜ್ಜೆ ಮೇಲೆತ್ತುತ್ತದೆ. 67 ಡಿಗ್ರಿಯಲ್ಲಿ ಕೂತು 1875 ಬರೆದರೆ 40 ಡಿಗ್ರಿಯಲ್ಲಿ ಅದೇ ಚುಕ್ಕೆ 1890 ಅಥವಾ 1905 ಆಗಿರುತ್ತದೆ, ವೋಲ್ಟೇಜ್ ಮಾತ್ರ ಅಷ್ಟೇ. ಮೊದಲ ಐದು ನಿಮಿಷದಲ್ಲೇ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬಿದ್ದು, ಮತ್ತೆ ಶುರುಮಾಡಿದಾಗ ಸರಿಹೋದರೆ ಕಾರಣ ಇದೇ. ಹಾಗಾಗಿ ರಾತ್ರಿಯಿಡೀ ಆಫ್ ಇದ್ದ ಕಂಪ್ಯೂಟರನ್ನು ಬೆಳಿಗ್ಗೆ ಹಚ್ಚಿದ ಕೂಡಲೇ ಹತ್ತು ನಿಮಿಷ ಲೋಡ್ ಕೊಡಿ, ಸತತ ಮೂರು ದಿನ. ಇದೊಂದನ್ನು ಬಿಟ್ಟವರೇ ಹೆಚ್ಚು.

ಕಾರ್ಡ್‌ನ ಫ್ಯಾನ್ ವೇಗವನ್ನು 60 ಡಿಗ್ರಿಗೆ ಶೇ. 50, 70ಕ್ಕೆ 70, 78ಕ್ಕೆ 90 ಇಟ್ಟಿದ್ದೇನೆ. ಹಿಸ್ಟರಿಸಿಸ್ (ಬಿಸಿ ಎಷ್ಟು ಇಳಿದ ಮೇಲೆ ಫ್ಯಾನ್ ನಿಧಾನವಾಗಬೇಕು ಎಂಬ ಅಂತರ) 4 ಡಿಗ್ರಿ ಕೊಡಿ, ಇಲ್ಲದಿದ್ದರೆ ಫ್ಯಾನ್ ಏರಿಳಿಯುತ್ತಲೇ ಇರುತ್ತದೆ. ಯುಪಿಎಸ್ ಇದ್ದರೆ ಅದರ ವ್ಯಾಟ್ ಓದಿ, ವಿಎ ಅಲ್ಲ: 600 ವಿಎಯ ಸಾಮಾನ್ಯ ಯುಪಿಎಸ್ ಕೊಡುವುದು 360 ವ್ಯಾಟ್. ಮಾನಿಟರ್ ಸೇರಿ ಫುಲ್ ಲೋಡ್ 300 ದಾಟಿದರೆ ಕರೆಂಟ್ ಹೋದ ಗಳಿಗೆಯಲ್ಲಿ ಅದು ಟ್ರಿಪ್ ಆಗಬಹುದು, ನೀವು ಸುಮ್ಮನೆ ಓವರ್‌ಕ್ಲಾಕನ್ನು ಬೈಯುತ್ತೀರಿ.

ಮಳೆಗಾಲದ ಮಾತು ಬೇರೆ. ಜುಲೈನಲ್ಲಿ ಇಲ್ಲಿ ಹೊರಗಿನ ಗಾಳಿ ಸುಮಾರು 25 ಡಿಗ್ರಿಗೇ ನೀರಾಗಿ ಇಳಿಯುವಷ್ಟು ಒದ್ದೆ. ರಾತ್ರಿ ಎಸಿ 22ರಲ್ಲಿ ಓಡಿ, ಆಫ್ ಆಗಿರುವ ಕಾರ್ಡ್ ಅಷ್ಟೇ ತಣ್ಣಗಿರುವಾಗ ಬೆಳಿಗ್ಗೆ ಬಾಲ್ಕನಿ ಬಾಗಿಲು ತೆರೆದರೆ ಹೀಟ್‌ಸಿಂಕ್ ಮೇಲೆ ಕನ್ನಡಕದ ಗಾಜಿನ ಮೇಲಿನಂಥ ಮಂಜು ಕೂರುತ್ತದೆ. ಆಗ ಸ್ವಿಚ್ ಹಾಕಬೇಡಿ. ಕಾರ್ಡ್ ಕೋಣೆಯ ಬಿಸಿಗೆ ಬರಲು ಒಂದು ಗಂಟೆ ಬಿಡಿ. ಓಡುತ್ತಿರುವ ಕಾರ್ಡಿಗೆ ಈ ಭಯವಿಲ್ಲ. ಊರಿಗೆ ಹೋಗಿ ಹದಿನೈದು ದಿನ ಮುಚ್ಚಿಟ್ಟ ಕಂಪ್ಯೂಟರಿಗೆ ಬಂದ ದಿನವೇ ರೆಂಡರ್ ಕೊಡುವ ಮೊದಲು ಅರ್ಧ ಗಂಟೆ ಬರಿದೇ ಓಡಿಸಿ, ಆಮೇಲೆ ಓವರ್‌ಕ್ಲಾಕ್ ಸೆಟ್ಟಿಂಗ್‌ಗಳ ಪ್ರೊಫೈಲ್ ಹಚ್ಚಿ.