ನಟಾಲ್‌ಗೆ ಹೋದ ಮುತ್ತಜ್ಜನ ಅಪ್ಪ-ಅವ್ವ ಯಾರು? ನಾನು ಹುಡುಕುವ ಬಗೆ

ಹಡಗಿನ ಪಟ್ಟಿಯಲ್ಲಿ ಅಪ್ಪನ ಹೆಸರಿಗೆ ಒಂದು ಕಾಲಂ ಇದೆ, ಅವ್ವನ ಹೆಸರಿಗೆ ಇಲ್ಲ. ದಕ್ಷಿಣ ಆಫ್ರಿಕಾದ ನಟಾಲ್‌ಗೆ 1860ರಿಂದ 1911ರವರೆಗೆ ಹೆಚ್ಚಾಗಿ ಕಬ್ಬಿನ ತೋಟದ ಗಿರ್ಮಿಟ್ (ಕರಾರಿನ) ಕೂಲಿಗೆ ಹೋದ ಒಂದೂವರೆ ಲಕ್ಷ ಜನರಲ್ಲಿ ಮೂರನೇ ಎರಡು ಪಾಲಿನಷ್ಟು ಮಂದಿ ಮದ್ರಾಸಿನಲ್ಲಿ ಹಡಗು ಹತ್ತಿದವರು. ಅವರಲ್ಲಿ ಮೈಸೂರು ಸೀಮೆಯವರೂ, ಮದ್ರಾಸ್ ಪ್ರಾಂತ್ಯದ ಕನ್ನಡ ತಾಲ್ಲೂಕುಗಳವರೂ ಇದ್ದರು. ಇಂಥ ಮನೆತನಗಳಿಗೆ ಬೇರು ಹುಡುಕುವಾಗ ನಾನು ಅನುಸರಿಸುವ ಕ್ರಮ ಇದು.

ಮೊದಲು ಬೇಕಾದದ್ದು ಹೆಸರಲ್ಲ, ನಂಬರು. ಇಳಿದ ಪ್ರತಿಯೊಬ್ಬರಿಗೂ ಒಂದು ಕಲೋನಿಯಲ್ ನಂಬರ್ ಕೊಡುತ್ತಿದ್ದರು. ಮದುವೆ ನೋಂದಣಿ, ಮಕ್ಕಳ ಜನನ, ಕರಾರು ಮುಗಿದ ಚೀಟಿ ಎಲ್ಲದರಲ್ಲೂ ಅದೇ ನಂಬರ್ ಬರುತ್ತದೆ. ಮನೆಯ ಹಳೇ ಟ್ರಂಕಿನಲ್ಲಿ ಒಂದೇ ಒಂದು ಚೀಟಿ ಉಳಿದಿದ್ದರೂ ಅದರಿಂದಲೇ ಶುರು ಮಾಡಿ. ಹೆಸರಿನಿಂದ ಹೊರಟರೆ 'ಮುನಿಸ್ವಾಮಿ' ಒಬ್ಬನಿಗೆ ನೂರಾರು ಮಂದಿ ಎದ್ದು ನಿಲ್ಲುತ್ತಾರೆ. ಮೂಲ ರಿಜಿಸ್ಟರುಗಳು ಡರ್ಬನ್ನಿನ ಪತ್ರಾಗಾರದಲ್ಲಿವೆ. ಅವುಗಳಿಂದ ಟೈಪು ಮಾಡಿದ ಪಟ್ಟಿಗಳು ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಸಿಗುತ್ತವೆ. ಟೈಪು ಪಟ್ಟಿಯನ್ನು ದಾರಿ ತೋರಿಸಲು ಮಾತ್ರ ನಂಬುತ್ತೇನೆ. ತೀರ್ಮಾನಕ್ಕೆ ಮೂಲ ಪುಟದ ಫೋಟೋ ಬೇಕೇಬೇಕು.

ಆ ಪುಟದಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಮೈಮೇಲಿನ ಗುರುತು, ಜಿಲ್ಲಾ, ಠಾಣಾ (ಪೊಲೀಸ್ ಠಾಣೆಯ ಸರಹದ್ದು), ಹಳ್ಳಿ ಇರುತ್ತವೆ. ವಯಸ್ಸು ಅಂದಾಜಿನದು, ಹಿಂದೆ ಮುಂದೆ ಐದು ವರ್ಷ ಸಡಿಲ ಬಿಡಿ. ಜಾತಿ ಕಾಲಂ ಮೇಲೆ ತೀರ್ಪು ಕಟ್ಟಬೇಡಿ: ಹೇಳಿದವನೂ ಬದಲಿಸಿ ಹೇಳಿರಬಹುದು, ಬರೆದವನೂ ತನಗೆ ಗೊತ್ತಿದ್ದ ಹೆಸರಿಗೆ ಹೊಂದಿಸಿರಬಹುದು. ಒಂದೇ ಹಡಗಿನ ಹಿಂದಿನ ಹತ್ತು, ಮುಂದಿನ ಹತ್ತು ನಂಬರುಗಳನ್ನೂ ಬರೆದುಕೊಳ್ಳಿ. ಗಂಡ-ಹೆಂಡತಿ, ಅಣ್ಣ-ತಮ್ಮ, ಒಂದೇ ಊರಿನವರು ಸಾಮಾನ್ಯವಾಗಿ ಸಾಲಾಗಿ ಇರುತ್ತಾರೆ. ನಿಮ್ಮವನ ಹಳ್ಳಿಯ ಹೆಸರು ಓದಲಾಗದಿದ್ದರೆ ಪಕ್ಕದವನ ಸಾಲಿನಲ್ಲಿ ಅದೇ ಹಳ್ಳಿ ನೆಟ್ಟಗೆ ಬರೆದಿರುವುದುಂಟು.

ಹೆಚ್ಚು ಜನ ಎಡವುವುದು ಓದುವುದರಲ್ಲಿ. ನಮ್ಮವನು ಕನ್ನಡದಲ್ಲಿ ಹೇಳಿದ್ದು ತಮಿಳು ಕಿವಿಗೆ ಬಿದ್ದು ಇಂಗ್ಲಿಷ್ ಅಕ್ಷರವಾಗಿದೆ ಎಂದಿಟ್ಟುಕೊಂಡು ಓದಿ. ಮೊದಲಕ್ಷರದ 'ಹ' ಬಿದ್ದುಹೋಗುತ್ತದೆ: ಹನುಮ 'ಅನುಮ' ಆಗುತ್ತಾನೆ, ಹೊಸೂರು 'ಊಸೂರ್' ಆಗುತ್ತದೆ. ಬ-ಪ, ಗ-ಕ, ದ-ತ ಅದಲುಬದಲಾಗುತ್ತವೆ. ಳ ಮತ್ತು ಲ ಒಂದೇ. ಇದರ ಮೇಲೆ ಹಳೇ ಕೈಬರಹದಲ್ಲಿ ಎನ್ ಮತ್ತು ಯು ಒಂದೇ ಥರ ಕಾಣುತ್ತವೆ. ನಾನು ಒಂದೊಂದು ಹೆಸರಿಗೂ ಸಾಧ್ಯವಿರುವ ಕನ್ನಡ ರೂಪಗಳನ್ನೆಲ್ಲ ಬರೆದು ಗಟ್ಟಿಯಾಗಿ ಓದುತ್ತೇನೆ. ಕಣ್ಣಿಗೆ ಸಿಗದ್ದು ಎಷ್ಟೋ ಸಲ ಕಿವಿಗೆ ಸಿಗುತ್ತದೆ.

ಜಿಲ್ಲೆಯ ಹೆಸರನ್ನು ಇವತ್ತಿನ ನಕ್ಷೆಯಲ್ಲಿ ಹುಡುಕಿದರೆ ಕೆಟ್ಟಿರಿ. ಒಂದು ಸಾಲು ಹೀಗಿದೆ ಎಂದುಕೊಳ್ಳಿ: ಹಳ್ಳಿ 'ಒಸಳ್ಳಿ', ಠಾಣಾ 'ಕೊಲೆಗಲ್', ಜಿಲ್ಲಾ 'ಕೊಯಮತ್ತೂರು'. ನೋಡಿದವರು ತಮಿಳರ ಮನೆ ಎಂದು ಬದಿಗಿಡುತ್ತಾರೆ. ಆದರೆ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಆಮೇಲೆ ಮೈಸೂರಿಗೆ ಬಂತು, 1997ರಿಂದ ಚಾಮರಾಜನಗರ ಜಿಲ್ಲೆ. 'ಒಸಳ್ಳಿ' ಹೊಸಹಳ್ಳಿ ಇರಬಹುದು, ಮತ್ತು ಹೊಸಹಳ್ಳಿ ಎಂಬ ಊರು ಎಲ್ಲಿಲ್ಲ ಹೇಳಿ! ಹಾಗಾಗಿ ಆ ತಾಲ್ಲೂಕಿನ ಎಲ್ಲ ಹೊಸಹಳ್ಳಿಗಳನ್ನೂ ಪಟ್ಟಿ ಮಾಡಬೇಕು. 1882ಕ್ಕೆ ಮುಂಚಿನ ಪಟ್ಟಿಯಲ್ಲಿ 'ಬಳ್ಳಾರಿ' ಎಂದಿದ್ದರೆ ಈಗಿನ ಅನಂತಪುರದ ಕಡೆಯನ್ನೂ ಸೇರಿಸಿ ನೋಡಿ. ಅನಂತಪುರ ಜಿಲ್ಲೆ ಆದದ್ದೇ ಆ ವರ್ಷ. 'ಫ್ರೆಂಚ್ ರಾಕ್ಸ್' ಎಂದರೆ ಪಾಂಡವಪುರ, 'ಕ್ಲೋಸ್‌ಪೇಟೆ' ಎಂದರೆ ರಾಮನಗರ. ಬರೀ 'ಬೆಂಗಳೂರು' ಎಂದಿದ್ದರೆ ಅನುಮಾನಪಡಿ, ಕೂಲಿಗೆ ಹಿಡಿದ ಜಾಗವನ್ನೇ ಊರು ಎಂದು ಬರೆಸಿರಬಹುದು.

ಇನ್ನು ಅವ್ವನ ಹೆಸರು. ಇದಕ್ಕೆ ನಟಾಲ್ ಕಡೆಯ ಡೆತ್ ನೋಟಿಸ್ ಬೇಕು. ಡೆತ್ ಸರ್ಟಿಫಿಕೇಟ್ ಬೇರೆ, ಅದು ಸಾಲದು. ಡೆತ್ ನೋಟಿಸ್ ಸತ್ತವರ ಆಸ್ತಿಯ ಫೈಲಿನಲ್ಲಿರುವ ಫಾರಂ. ಅದರಲ್ಲಿ ಸತ್ತವರ ತಂದೆ-ತಾಯಿ ಇಬ್ಬರ ಹೆಸರಿಗೂ ಜಾಗವಿದೆ. ಈ ಫೈಲುಗಳನ್ನು ಪೀಟರ್‌ಮಾರಿಟ್ಸ್‌ಬರ್ಗಿನ ಪತ್ರಾಗಾರದಲ್ಲಿ ಕೇಳಬೇಕು. ಅಲ್ಪಸ್ವಲ್ಪವಾದರೂ ಆಸ್ತಿ ಬಿಟ್ಟು ಸತ್ತವರಿಗೆ ಫೈಲ್ ಇರುವ ಸಂಭವ ಹೆಚ್ಚು. ಕೆಳಗೆ ಸಹಿ ಹಾಕಿದವರು ಯಾರು ಎಂದು ಮೊದಲು ನೋಡುತ್ತೇನೆ. ಜೊತೆಗೆ ಹಡಗಿನಲ್ಲಿ ಬಂದ ಹೆಂಡತಿ ಹೇಳಿದ್ದಕ್ಕೆ ತೂಕವಿದೆ. ಅಲ್ಲೇ ಹುಟ್ಟಿದ ಮಗ ಅಜ್ಜಿಯನ್ನು ಕಂಡವನಲ್ಲ, ಅವನ ಮಾತು ಕೇಳಿದ ಸುದ್ದಿ.

ಊರಿನ ಕಡೆ 1860-70ರ ಜನನ ದಾಖಲೆ ಸಿಗುತ್ತದೆಂಬ ಆಸೆ ಬೇಡ. ಭೂಮಿ ದಾಖಲೆಗೆ ಹೋಗಿ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಶುರುವಾಯಿತು. ಮೂಲ ಸರ್ವೆಯ ಖೇತವಾರು ಪತ್ರಿಕೆಯಲ್ಲಿ ಸರ್ವೆ ನಂಬರುವಾರು ಖಾತೆದಾರನ ಹೆಸರಿರುತ್ತದೆ. ಅಲ್ಲಿಂದ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ), ಆರ್‌ಆರ್ (ಹಕ್ಕು ದಾಖಲೆ), ಪೌತಿ ಖಾತೆಗಳ (ಖಾತೆದಾರ ಸತ್ತ ಮೇಲೆ ವಾರಸುದಾರರಿಗೆ ಆಗುವ ಖಾತೆ) ಮೇಲೆ ಕೆಳಕ್ಕೆ ಇಳಿದು ಬಂದರೆ ಊರಲ್ಲೇ ಉಳಿದ ಅಣ್ಣತಮ್ಮಂದಿರ ಸಾಲು ಸಿಗಬಹುದು. ಕೊಳ್ಳೇಗಾಲದಂಥ ಕಡೆ ಮದ್ರಾಸ್ ಪದ್ಧತಿಯ ಸೆಟ್ಲ್‌ಮೆಂಟ್ ರಿಜಿಸ್ಟರ್, ಚಿಟ್ಟಾ (ಯಾರ ಹೆಸರಿಗೆ ಯಾವ ಜಮೀನು ಎಂಬ ಲೆಕ್ಕ), ಅಡಂಗಲ್ (ಸರ್ವೆ ನಂಬರುವಾರು ಜಮೀನು-ಬೆಳೆ ಲೆಕ್ಕ) ಕೇಳಬೇಕು. ಅಪ್ಪ ಜಮೀನಿಲ್ಲದ ಕೂಲಿಯವನಾಗಿದ್ದರೆ ಈ ದಾರಿ ಇಲ್ಲಿಗೇ ಮುಚ್ಚುತ್ತದೆ.

ಆಗ ಉಳಿಯುವುದು ಮನೆದೇವರು. ಡರ್ಬನ್ನಿನ ಮನೆಯಲ್ಲಿ ಭಾಷೆ ಹೋಗಿದ್ದರೂ 'ಮಾದಪ್ಪ' ಎಂಬ ಹೆಸರು ಉಳಿದಿದ್ದರೆ ಮಲೆ ಮಹದೇಶ್ವರನ ಸೀಮೆಯ ಕಡೆ ಮುಖ ಮಾಡಿ. ಹಿರಿಮೊಮ್ಮಗನಿಗೆ ತಾತನ ಹೆಸರಿಡುವ ವಾಡಿಕೆಯೂ ನೆರವಾಗುತ್ತದೆ: ನಟಾಲ್‌ನಲ್ಲಿ ಹುಟ್ಟಿದ ಮೊದಲ ಗಂಡುಮಗುವಿನ ಹೆಸರು ಹಡಗಿನ ಪಟ್ಟಿಯ ತಂದೆ ಕಾಲಮ್ಮಿಗೆ ಕೂಡುತ್ತದೆಯೇ ನೋಡಿ. ಊರು, ತಂದೆಯ ಹೆಸರು, ಜೊತೆಗೆ ಬೇರೆ ಮೂಲದಿಂದ ಬಂದ ಇನ್ನೊಂದು ಗುರುತು, ಈ ಮೂರೂ ಕೂಡದೆ ನಾನು ವಂಶವೃಕ್ಷದಲ್ಲಿ ಪೆನ್ನಿನಿಂದ ಬರೆಯುವುದಿಲ್ಲ, ಪೆನ್ಸಿಲ್ಲಿನಲ್ಲೇ ಬಿಡುತ್ತೇನೆ.

ಹಳ್ಳಿಗೆ ಕಾಲಿಟ್ಟಾಗ ಪಹಣಿ, ಖಾತೆ ಎಂಬ ಮಾತನ್ನು ಮೊದಲೇ ತೆಗೆಯಬೇಡಿ. ಪಾಲು ಕೇಳಲು ಬಂದವರೆಂದು ಬಾಗಿಲು ಹಾಕಿಕೊಳ್ಳುತ್ತಾರೆ. ದೇವರ ಒಕ್ಕಲು ಯಾರ್ಯಾರು ಎಂದು ಪೂಜಾರಿಯನ್ನು ಕೇಳಿ. 'ಧಾತು ಬರದಲ್ಲಿ ಊರು ಬಿಟ್ಟವರು ಯಾರಾದರೂ ಇದ್ದರೇನಜ್ಜಿ?' ಎಂದು ವಯಸ್ಸಾದವರನ್ನು ಕೇಳಿ. ಧಾತು, ಈಶ್ವರ ಸಂವತ್ಸರ ಎಂದರೆ 1876ರಿಂದ 78. ಅವರು ಹೇಳಿದ ಬರಕ್ಕೂ ಹಡಗಿನ ತಾರೀಖಿಗೂ ತಾಳೆಯಾದರೆ, ಆಮೇಲೆ ಕೂತು ದಾಖಲೆಯ ಮಾತಾಡಬಹುದು.